ಬಾಳೆಎಲೆಯ ಮೇಲಿಟ್ಟ ಎರಡು ಡಿಸ್ಕುಗಳು

ಹೋದ ವರ್ಷ ವಿಜಯದಶಮಿಯ ಮರುದಿನ ಬೆಳಗ್ಗೆ, ಮಧುಗಿರಿಯಲ್ಲಿರುವ ಒಂದು ಸಣ್ಣ ದಿನಪತ್ರಿಕೆಯ ಕಚೇರಿಯಲ್ಲಿ ಕಂಪ್ಯೂಟರ್ ಶುರುವಾದ ಸ್ವಲ್ಪ ಹೊತ್ತಿಗೆ, ಫೋಟೊಗಳಿದ್ದ ಡಿಸ್ಕ್ ಖಾಲಿಯಾಯಿತು. ಯಾರೂ ಕದ್ದಿರಲಿಲ್ಲ. ಕರೆಂಟ್ ಹೋಗಿರಲಿಲ್ಲ. ಡಿಸ್ಕ್ ಕೆಟ್ಟಿರಲೂ ಇಲ್ಲ. ಕಂಪ್ಯೂಟರ್ ತನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು. ಹೇಳಿದವನು ಮಾಲೀಕರ ಬಾಮೈದ ಮಂಜುನಾಥ.

ಆಗ ನಾನು ಆ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಈಗ ಇಲ್ಲ. ಮೊನ್ನೆ ಆಯುಧಪೂಜೆ ಕಳೆದ ಮೇಲೆ ಶಿರಾದಲ್ಲಿ ಬಸ್ಸಿಳಿದೆ. ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳ, ಕುಂಕುಮ ಬೆರೆತ ಅದರ ತಿರುಳು, ಲಾರಿ ಗಾಲಿಗೆ ಸಿಕ್ಕಿ ಚಪ್ಪಟೆಯಾದ ನಿಂಬೆಹಣ್ಣು. ಬಿಸಿಲಿಗೆ ಇವೆಲ್ಲ ಸೇರಿ ಒಂದು ಹುಳಿ ವಾಸನೆ ಏಳುತ್ತದೆ. ಆ ವಾಸನೆಯಲ್ಲಿ ನನಗೆ ಹೋದ ವರ್ಷದ ಆ ಹಿಂಗಾರು ಪೂರ್ತಿ ಇದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ.

ಬಡವನಹಳ್ಳಿಯಿಂದ ಸ್ವಲ್ಪ ಆಚೆ ಜಾಲಿಕುಂಟೆ ಎಂಬ ನೀರಿನ ತಾಣವಿತ್ತು. ನಮ್ಮ ಕಡೆ ಕೆರೆಗಿಂತ ಚಿಕ್ಕದನ್ನು ಕುಂಟೆ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ಅದು ಬರೀ ತಗ್ಗು; ಮಳೆಯಾದರೆ ಸಂಕ್ರಾಂತಿ ಕಳೆದರೂ ನೀರು ನಿಲ್ಲುತ್ತಿತ್ತು. ಪಕ್ಕದ ಊರಿನ ನರಸಮ್ಮ ತನ್ನ ಕುರಿಮಂದೆಯನ್ನು ಅಲ್ಲಿಗೇ ಹೊಡೆದುಕೊಂಡು ಬರುತ್ತಿದ್ದಳು. ಗಂಡ ಸತ್ತ ಮೇಲೆ ಆಕೆಯ ಬದುಕು ಆ ಮಂದೆ. ಹೋದ ವರ್ಷ ಭಾದ್ರಪದದಲ್ಲಿ ಒಂದು ದಿನ ಆಕೆ ಕುರಿ ಹೊಡೆದುಕೊಂಡು ಹೋದಾಗ ಕುಂಟೆಗೆ ಟಿಪ್ಪರಿನಲ್ಲಿ ಮಣ್ಣು ಸುರಿಯುತ್ತಿದ್ದರು. ಲೇಔಟ್ ಮಾಡುತ್ತಿದ್ದವರು ಹೇಳಿದ್ದು ಒಂದೇ ಮಾತು: ಇಲ್ಲಿ ಯಾವತ್ತೂ ನೀರು ನಿಂತಿಲ್ಲ, ಇದು ಹಳ್ಳದ ಕೊರಕಲು.

ನರಸಮ್ಮ ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಕೊಟ್ಟಳು. ವಿಚಾರಣೆ ದೀಪಾವಳಿ ಆದ ಮೇಲೆ ಎಂದಾಯಿತು. ನೀರು ನಿಂತಿದ್ದಕ್ಕೆ ಸಾಕ್ಷಿ ಏನಿದೆ ಎಂದು ಅಧಿಕಾರಿ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. ಸಿಕ್ಕ ಉಪಗ್ರಹದ ಚಿತ್ರಗಳೆಲ್ಲ ಕುಂಟೆ ತುಂಬಿದ್ದ ಮಳೆಗಾಲದವು, ಅವುಗಳಲ್ಲಿ ಬರೀ ಮೋಡ. ಉಳಿದದ್ದು ನಮ್ಮ ಪತ್ರಿಕೆಯ ಒಂದು ಫೋಟೊ. ಪತ್ರಿಕೆ ಹೋಗುವ ನಾಲ್ಕೂ ತಾಲ್ಲೂಕಿನ ಕೆರೆಗಳು ಕೋಡಿ ಬಿದ್ದ ವರ್ಷ ನಮ್ಮ ಫೋಟೊಗ್ರಾಫರ್ ನಯಾಜ್ ಭಾಯಿ ಅದನ್ನು ತೆಗೆದಿದ್ದರು. ಕುಂಟೆ ತುಂಬಿ ಅಂಚು ಮೀರಿದೆ, ದಡದಲ್ಲಿ ಕುರಿಗಳು, ಕುರಿಗಳ ನಡುವೆ ನರಸಮ್ಮ. ಅಚ್ಚಾದ ಪತ್ರಿಕೆಯಲ್ಲಿ ಆ ಫೋಟೊ ಮಸಿ ಮೆತ್ತಿದ ಹಾಗಿತ್ತು. ನೀರು ಯಾವುದು, ನೆಲ ಯಾವುದು ಹೇಳುವಂತಿರಲಿಲ್ಲ. ದಿನಾಂಕ ಒಳಗೊಂಡ ಮೂಲ ಫೋಟೊ ತನ್ನಿ ಎಂದರು ಅಧಿಕಾರಿ.

ಆಕೆ ಕಚೇರಿಗೆ ಬಂದದ್ದು ಹಬ್ಬಕ್ಕೆ ಮುಂಚೆ. ಮಂಜುನಾಥ ಕಂಪ್ಯೂಟರಿನ ಮುಚ್ಚಳ ತೆಗೆದು ಬ್ರಷ್ಷಿನಲ್ಲಿ ಧೂಳು ಗುಡಿಸುತ್ತಿದ್ದ.

"ಸಾಮಿ, ನಮ್ ಕುಂಟೆ ತುಂಬಿದ್ದಾಗ ಪೇಪರ್‌ನಾಗೆ ಹಾಕಿದ್ರಲ್ಲ, ಆ ಫೋಟೋ ಬೇಕಿತ್ತು. ನನ್ ಕುರಿನೂ ಅವೆ ಅದ್ರಾಗೆ, ನಾನೂ ಇವ್ನಿ."

"ಇವತ್ತಾಗಲ್ಲ ಕಣಮ್ಮ. ಸಿಸ್ಟಮ್ ಬಿಚ್ಚಿದೀನಿ. ಹಬ್ಬಕ್ಕೆ ಕ್ಲೀನಿಂಗು."

"ಅದೇನ್ ಮನೇನಾ, ಸುಣ್ಣ ಬಳಿಯಾಕೆ?"

ಒಳಗಿನಿಂದ ಮಾಲೀಕರು ಕೂಗಿದರು: "ಹಬ್ಬ ಕಳೀಲಿ ಬುಡಮ್ಮ. ಫೋಟೋ ಎಲ್ಲೋಗ್ತದೆ?"

ಹುಡುಕಿ ಕೊಡಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ. ಆದರೆ ಫೋಟೊ ಭಂಡಾರದ ಪಾಸ್‌ವರ್ಡ್ ಮಂಜುನಾಥನ ಬಳಿ ಮಾತ್ರ ಇತ್ತು. ಭಂಡಾರ ಎನ್ನುವುದು ನನ್ನ ಮಾತಲ್ಲ. 'ನಾಲ್ಕು ತಾಲ್ಲೂಕಿನ ನೆನಪಿನ ಡಿಜಿಟಲ್ ಭಂಡಾರ' ಎಂದು ಮಾಲೀಕರು ಪ್ರತಿ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಬರೆಯುತ್ತಿದ್ದರು. ಭಂಡಾರವೆಂದರೆ ಶೌಚಾಲಯದ ಬಾಗಿಲ ಪಕ್ಕ, ಹಳೆ ರದ್ದಿಯ ಮೇಲೆ ಕೂತಿದ್ದ ಒಂದು ಕಂಪ್ಯೂಟರ್. ನಯಾಜ್ ಭಾಯಿ ದಿನವೂ ಸಂಜೆ ಕ್ಯಾಮೆರಾದ ಕಾರ್ಡನ್ನು ಅಲ್ಲಿ ಒಪ್ಪಿಸಿ, ಮಾರನೆ ದಿನ ಅಳಿಸಿದ ಕಾರ್ಡನ್ನು ತೆಗೆದುಕೊಂಡು ಹೋಗಬೇಕು. ಸ್ವಂತಕ್ಕೆ ಒಂದು ಪ್ರತಿ ಇಟ್ಟುಕೊಳ್ಳುವಂತಿಲ್ಲ. ಫೋಟೊ ಕಚೇರಿಯ ಆಸ್ತಿ ಎಂಬುದು ಮಾಲೀಕರ ಕಟ್ಟಪ್ಪಣೆ.

ಇಲ್ಲಿ ಡಿಸ್ಕಿನ ಸಂಗತಿಯನ್ನು ಹೇಳಬೇಕು. ಆ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ, ಉಚಿತವಾಗಿ ಸಿಗುವ ವ್ಯವಸ್ಥೆ ಅದು. ಮಾಲೀಕರಿಗೆ ಅರ್ಥವಾದದ್ದು ಉಚಿತ ಎಂಬ ಮಾತು ಮಾತ್ರ. ಆ ವ್ಯವಸ್ಥೆ ತನಗೆ ಜೋಡಿಸಿದ ಪ್ರತಿ ಡಿಸ್ಕನ್ನೂ ಎರಡು ಬಗೆಯಲ್ಲಿ ಗುರುತಿಸುತ್ತದೆ. ಒಂದು, ಕಣ್ಣಿಗೆ ಬಿದ್ದ ಸರದಿಯಲ್ಲಿ: ಮೊದಲು ಸಿಕ್ಕಿದ್ದು 'ಎ', ಆಮೇಲೆ ಸಿಕ್ಕಿದ್ದು 'ಬಿ'. ಇನ್ನೊಂದು, ಡಿಸ್ಕಿಗೆ ಕಾರ್ಖಾನೆಯಲ್ಲೇ ಕೊಟ್ಟ ನಂಬರಿನಿಂದ. ಬೈಕಿಗೆ ಚಾಸಿ ನಂಬರ್ ಇದ್ದ ಹಾಗೆ, ಯಾವ ಜಾಗಕ್ಕೆ ಹಾಕಿದರೂ ಡಿಸ್ಕಿನ ಆ ನಂಬರು ಬದಲಾಗದು. ಸರದಿಯ ಹೆಸರು ಬದಲಾಗುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ ಎಂದು ಆ ವ್ಯವಸ್ಥೆಯನ್ನು ಕಟ್ಟಿದವರೇ ಅದರ ಕೈಪಿಡಿಯಲ್ಲಿ ಬರೆದಿದ್ದಾರೆ. ಓದಲು ದುಡ್ಡು ಕೊಡಬೇಕಾಗಿಲ್ಲ.

ಮಂಜುನಾಥ ಓದಿರಲಿಲ್ಲ. ಬೆಂಗಳೂರಿನಲ್ಲಿ ಆರು ವಾರದ ಕೋರ್ಸ್ ಮಾಡಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ. ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ನೇತು ಹಾಕಿದ್ದ. ಅವನು ಕಂಪ್ಯೂಟರಿಗೆ ಕೊಟ್ಟಿದ್ದ ಆದೇಶ ಇಷ್ಟು: ಪ್ರತಿ ಬೆಳಗ್ಗೆ ಶುರುವಾದ ಕೂಡಲೇ 'ಎ'ಯಲ್ಲಿ ಇರುವುದನ್ನೆಲ್ಲ 'ಬಿ'ಗೆ ನಕಲು ಮಾಡು, 'ಎ'ಯಲ್ಲಿ ಇಲ್ಲದ್ದು 'ಬಿ'ಯಲ್ಲಿದ್ದರೆ ಅಳಿಸು. 'ಎ' ಎಂದರೆ ಫೋಟೊಗಳಿದ್ದ ಡಿಸ್ಕ್, 'ಬಿ' ಎಂದರೆ ಅದರ ನಕಲು. ಯಾರೂ ಮುಟ್ಟದಿರುವ ತನಕ ಅದು ನಡೆದುಕೊಂಡು ಬಂತು.

ನಕಲು ಇದ್ದ ಡಿಸ್ಕ್ ಮಳೆಗಾಲದ ಆರಂಭದಲ್ಲೇ ಕೆಟ್ಟಿತು. ಹೊಸದು ತರಬೇಕೆಂದು ನಯಾಜ್ ಭಾಯಿ ನನ್ನೆದುರಿಗೇ ಹಲವು ಸಲ ಹೇಳಿದರು. ಮಾಲೀಕರ ಉತ್ತರ ಪ್ರತಿ ಸಲವೂ ಒಂದೇ ಆಗಿತ್ತು: "ಹಬ್ಬ ಬರ್ತಾ ಐತಲ್ಲ. ಆಯುಧಪೂಜೆಗೆ ಹೊಸ ಸಾಮಾನು ತಂದ್ರೆ ಒಳ್ಳೇದು. ಅಲ್ಲಿಗಂಟ ತಡ್ಕಳಿ." ಹೀಗೆ ಒಂದು ಮಳೆಗಾಲ ಪೂರ್ತಿ ಆ ಭಂಡಾರ ಶುಭದಿನಕ್ಕೆ ಕಾಯುತ್ತ ಒಂದೇ ಡಿಸ್ಕಿನ ಮೇಲೆ ನಿಂತಿತ್ತು.

ಹಬ್ಬಕ್ಕೆ ಹೊಸ ಡಿಸ್ಕ್ ಬಂತು. ಹಬ್ಬದ ದಿನ ಕಚೇರಿಯಲ್ಲಿ ಸಾಂಬ್ರಾಣಿ ಹೊಗೆ. ಮಾಲೀಕರ ಪತ್ನಿ ಕಂಪ್ಯೂಟರಿನ ಡಬ್ಬಕ್ಕೆ ಕುಂಕುಮ ಹಚ್ಚಲು ಬಂದವರು ನಿಂತರು.

"ಲೇ ಮಂಜ, ಡಬ್ಬಕ್ಕೆ ಹಚ್ಚಿದ್ರೆ ಆಯುಧಕ್ಕೆ ಪೂಜೆ ಮಾಡ್ದಂಗಾಯ್ತೇನ್ಲಾ? ಕೆಲ್ಸ ಮಾಡೋದು ಒಳಗಿರೋದಲ್ವಾ?"

"ಡಿಸ್ಕ್ ಕಣಕ್ಕ ಒಳಗಿರೋದು."

"ಅದನ್ನ ತೆಗಿ."

ತೆಗೆದ. ಬಾಳೆಎಲೆಯ ಮೇಲೆ ಎರಡು ಡಿಸ್ಕುಗಳನ್ನು ಸಾಲಾಗಿ ಇಟ್ಟ. ಹೊಸದು ಮುಂದೆ, ಹಳೆಯದು ಹಿಂದೆ. ನಮ್ಮಲ್ಲಿ ಹೊಸ ಗಾಡಿ ಬಂದರೆ ಪೂಜೆಯ ಸಾಲಿನಲ್ಲಿ ಅದೇ ಮುಂದೆ ನಿಲ್ಲುವುದು. ಹಳೆಯ ಬೈಕು, ಸೈಕಲ್ಲು ಎಲ್ಲ ಅದರ ಹಿಂದೆ. ಎರಡಕ್ಕೂ ಅರಿಸಿನ, ಕುಂಕುಮ, ಗಂಧ ಧಾರಾಳವಾಗಿ ಬಿತ್ತು. ಕಾರ್ಖಾನೆಯ ನಂಬರಿದ್ದ ಚೀಟಿ ಆ ಗಂಧದ ಕೆಳಗೆ ಹೋಯಿತು. ಮಂಗಳಾರತಿಯಾದ ಮೇಲೆ ಮಂಜುನಾಥ ಎಲೆಯ ಮೇಲಿದ್ದ ಸಾಲಿನಲ್ಲೇ ಅವನ್ನು ಒಳಗೆ ಕೂರಿಸಿದ. ಹೊಸದು ಮೊದಲನೇ ಜಾಗಕ್ಕೆ, ಹಳೆಯದು ಎರಡನೆಯದಕ್ಕೆ. ಕೇಳಿದ್ದಕ್ಕೆ, "ಹೊಸದನ್ನ ಹಿಂದೆ ಹಾಕ್ತಾರಾ ಸಾರ್ ಯಾರಾದ್ರೂ?" ಎಂದ.

ರಜೆ ಮುಗಿದ ಬೆಳಗ್ಗೆ ಕಂಪ್ಯೂಟರ್ ಶುರುವಾಯಿತು. ಅದು ಖಾಲಿಯಿದ್ದ ಹೊಸ ಡಿಸ್ಕನ್ನು 'ಎ' ಎಂದು ಕರೆಯಿತು, ಫೋಟೊಗಳಿದ್ದ ಹಳೆಯದನ್ನು 'ಬಿ' ಎಂದಿತು. 'ಎ'ಯಲ್ಲಿ ಏನೂ ಇರಲಿಲ್ಲ. ಆದ್ದರಿಂದ 'ಬಿ'ಯಲ್ಲಿ ಇದ್ದದ್ದನ್ನೆಲ್ಲ ಅಳಿಸಿತು.

ಮೊದಲು ಗಮನಿಸಿದವರು ನಯಾಜ್ ಭಾಯಿ. ಅವರು ಶಿರಾದಿಂದ ಬೆಳಗಿನ ಬಸ್ಸಿಗೆ ಬಂದು, ರಜೆಯ ದಿನಗಳ ಕಾರ್ಡ್ ಒಪ್ಪಿಸಲು ಅಲ್ಲೇ ಕೂತಿದ್ದರು.

"ಅರೆ ಮಂಜಣ್ಣ, ಪೂರಾ ಖಾಲಿ ತೋರಿಸ್ತಾ ಐತಲ್ಲ?"

"ರಿಫ್ರೆಶ್ ಆಗ್ತಾ ಐತೆ ಭಾಯ್. ಹೊಸ ಡಿಸ್ಕು. ಹೊಂದ್ಕಬೇಕು."

"ಹೊಂದ್ಕೊಳ್ಳಕ್ಕೆ ಅದೇನ್ ಸೊಸೆನಾ?"

ಮಂಜುನಾಥ ಇನ್ನೊಂದು ಸಲ ಆಫ್ ಮಾಡಿ ಆನ್ ಮಾಡೋಣ ಎಂದು ಕೈ ಚಾಚಿದ. ನಯಾಜ್ ಭಾಯಿ ಎದ್ದು ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತರು. ಆ ಕಚೇರಿಯಲ್ಲಿ ಆ ಇಡೀ ಹಂಗಾಮಿನಲ್ಲಿ ನಡೆದ ಒಂದೇ ಸರಿಯಾದ ಕೆಲಸ ಅದು.

ಅಳಿಸಿದ್ದು ತಕ್ಷಣ ನಾಶವಾಗುವುದಿಲ್ಲ. ಮೇಲೆ ಬೇರೇನಾದರೂ ಬರೆಯುವ ತನಕ ಡಿಸ್ಕಿನಲ್ಲಿ ಉಳಿದಿರುತ್ತದೆ. ತುಮಕೂರಿನಲ್ಲಿ ಅಂಥದ್ದನ್ನು ಹೊರತೆಗೆಯುವವರೊಬ್ಬರಿದ್ದರು. ಮಾಲೀಕರು ಎರಡು ದಿನ ಖರ್ಚಿನ ಬಗ್ಗೆ ಮಾತಾಡಿ ಮೂರನೆಯ ದಿನ ಒಪ್ಪಿದರು. ನಯಾಜ್ ಭಾಯಿ ಆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಊಟದ ಚೀಲದಲ್ಲಿಟ್ಟುಕೊಂಡು ಕೊರಟಗೆರೆ ಮೇಲೆ ಬಸ್ಸಿನಲ್ಲಿ ಹೋದರು. ಆಗ ಚಿತ್ತೆ ಮಳೆ ಜಿನುಗಲು ಹಿಡಿದಿತ್ತು. ಬೆಟ್ಟ ಅರ್ಧಕ್ಕೆ ಮೋಡದಲ್ಲಿ ಹೋಗಿತ್ತು. ಹೊಲಗಳಲ್ಲಿ ಕಡಲೆಕಾಯಿ ಕೀಳುವವರು ಗಿಡದ ಮಣ್ಣು ಕೊಡವಲೂ ಆಗದೆ, ಹಾಗೆಯೇ ಬಿಡಲೂ ಆಗದೆ ತಲೆಗೆ ಗೋಣಿಚೀಲ ಹೊದ್ದು ನಿಂತಿರುತ್ತಿದ್ದರು. ಪಾವಗಡದ ಕಡೆಯಿಂದ ದಿನವೂ ಅದೇ ಸುದ್ದಿ: ಕಿತ್ತ ಕಾಯಿ ಹೊಲದಲ್ಲೇ ಮೊಳಕೆಯೊಡೆಯುತ್ತಿದೆ. ಆ ಸುದ್ದಿಗಳಿಗೆ ಹಾಕಲು ನಮ್ಮಲ್ಲಿ ಹಳೆಯ ಒಂದು ಫೋಟೊ ಕೂಡ ಇರಲಿಲ್ಲ. ಮಾಲೀಕರು ಆ ಜಾಗಕ್ಕೆ ಶುಭಾಶಯದ ಜಾಹೀರಾತು ಹಾಕಿಸಿದರು.

ದೀಪಾವಳಿ ಹತ್ತಿರ ಬಂದಾಗ ಫೋಟೊಗಳು ಸಿಕ್ಕವು. ಕಡತದ ಹೆಸರುಗಳೆಲ್ಲ ಹೋಗಿದ್ದವು, ಆದರೆ ಪ್ರತಿ ಫೋಟೊದ ಒಳಗೆ ಕ್ಯಾಮೆರಾ ಬರೆದ ದಿನಾಂಕ ಉಳಿದಿತ್ತು. ನಯಾಜ್ ಭಾಯಿ ಆ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತು ಒಂದೊಂದಾಗಿ ನೋಡಿ ಜಾಲಿಕುಂಟೆಯನ್ನು ಹುಡುಕಿದರು. ಮೊದಲು ನರಸಮ್ಮನ ಊರಿಗೆ ಫೋನ್ ಮಾಡಿದರು. ಆಮೇಲೆ ಕಚೇರಿಗೆ.

"ಸಾರ್, ಇಲ್ಲೇ ಒಂದು ಪೆನ್‌ಡ್ರೈವ್‌ಗೆ ಹಾಕ್ಸಿ ಆಯಮ್ಮಂಗೆ ಕೊಟ್ಬುಡ್ಲಾ?"

"ಆಫೀಸ್ ಫೋಟೋನ ದಾರೀಲಿ ಹಂಚ್ತೀಯೇನಯ್ಯ? ಇಲ್ಲಿಗೆ ತಗೊಂಬಾ. ಲೆಟರ್‌ಹೆಡ್ ಹಾಕಿ ಕೊಡಾಣ," ಎಂದರು ಮಾಲೀಕರು.

ನಯಾಜ್ ಭಾಯಿ ಪರದೆಯ ಮೇಲಿದ್ದ ಫೋಟೊವನ್ನು ತಮ್ಮ ಫೋನಿನಲ್ಲಿ ತೆಗೆದುಕೊಂಡರು. ಉಳಿದದ್ದನ್ನು ಹೇಳಿದ ಹಾಗೆ ತಂದರು.

ತುಮಕೂರಿನವರು ಫೋಟೊಗಳನ್ನು ತುಂಬಿಸಿ ಕೊಟ್ಟದ್ದು ಕೇಬಲ್ಲಿನಿಂದ ಜೋಡಿಸುವ ಒಂದು ಕಪ್ಪು ಡಬ್ಬಿಯಲ್ಲಿ. ಡಬ್ಬಿಯೊಳಗೆ ಡಿಸ್ಕ್. ಮೇಲೊಂದು ಹಳದಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಮಾಲೀಕರಿಗೆ ಈಗ ಒಂದೇ ಡಬ್ಬಿಯ ಮೇಲೆ ನಂಬಿಕೆ ಇರಲಿಲ್ಲ. ಅಂಥದ್ದೇ ಇನ್ನೊಂದು ಡಬ್ಬಿ ತರಿಸಿದರು, ಅದರಲ್ಲೂ ಅಗ್ಗದ್ದು ಯಾವುದೆಂದು ಹುಡುಕಿ. ಅದಕ್ಕೆ ನಕಲಾಗುವ ತನಕ ಮೊದಲನೆಯದರಿಂದ ಒಂದು ಫೋಟೊವನ್ನೂ ತೆಗೆಯಬಾರದೆಂದರು. ಅಷ್ಟರಲ್ಲಿ ಮಂಜುನಾಥ ಹಳೆಯ ಡಿಸ್ಕನ್ನು ಮತ್ತೆ ಕಂಪ್ಯೂಟರಿಗೆ ಹಾಕಿ, ದೀಪಾವಳಿ ವಿಶೇಷಾಂಕದ ಪುಟಗಳನ್ನೆಲ್ಲ ಅದರ ಮೇಲೆ ಬರೆದಿದ್ದ. ಈಗ ಫೋಟೊಗಳು ಇದ್ದದ್ದು ರಬ್ಬರ್ ಬ್ಯಾಂಡಿನ ಡಬ್ಬಿಯಲ್ಲಿ ಮಾತ್ರ.

ವಿಚಾರಣೆಯ ಹಿಂದಿನ ದಿನ ಮಂಜುನಾಥ ಎರಡು ಡಬ್ಬಿಗಳನ್ನೂ ಜೋಡಿಸಿ ಕೂತ. ಈ ನಡುವೆ ಅವನಿಗೆ ನಂಬರಿನ ವಿಷಯ ತಿಳಿದಿತ್ತು. ತಿಳಿದದ್ದನ್ನು ಕಚೇರಿಗೆಲ್ಲ ಹೇಳಿಕೊಂಡು ಓಡಾಡಿದ್ದ. ಈ ಸಲ ಆದೇಶದಲ್ಲಿ 'ಎ' 'ಬಿ' ಇಲ್ಲ, ಕಾರ್ಖಾನೆಯ ನಂಬರೇ ಹಾಕುತ್ತೇನೆ ಎಂದ. ಹಾಕಿದ. ಆದರೆ ಕೇಬಲ್ಲಿನ ಡಬ್ಬಿಯಲ್ಲಿ ಕೂತ ಡಿಸ್ಕಿನ ನಂಬರು ಹಲವು ಸಲ ಹೊರಗೆ ಕಾಣುವುದಿಲ್ಲ. ಕಂಪ್ಯೂಟರಿಗೆ ಕಾಣುವುದು ಡಬ್ಬಿಯ ನಂಬರು. ಆ ಅಗ್ಗದ ಡಬ್ಬಿ ಮಾಡಿದವರು ಒಂದೊಂದಕ್ಕೆ ಒಂದೊಂದು ನಂಬರು ಕೊಡುವ ಗೋಜಿಗೆ ಹೋಗಿರಲಿಲ್ಲ. ಸೊನ್ನೆಯಿಂದ ಒಂಬತ್ತು, ಆಮೇಲೆ ಎಯಿಂದ ಎಫ್. ಅವರ ಎಲ್ಲ ಡಬ್ಬಿಗೂ ಅದೇ; ತುಮಕೂರಿನ ಡಬ್ಬಿಯೂ ಅವರದೇ. ಇದನ್ನು ಗುರುತು ಎಂದು ಕರೆಯುವುದಾದರೆ ಊರಿನವರಿಗೆಲ್ಲ ಒಂದೇ ಹೆಸರಿಟ್ಟು ಜನಗಣತಿ ಮಾಡಬಹುದು. ಎರಡು ಡಬ್ಬಿಗೂ ಒಂದೇ ನಂಬರಿದ್ದಾಗ ಆ ವ್ಯವಸ್ಥೆ ಆ ಹೆಸರನ್ನು ಎರಡರಲ್ಲಿ ಒಂದಕ್ಕೆ ಕೊಡುತ್ತದೆ. ಯಾವುದಕ್ಕೆ ಎಂಬ ಖಾತರಿ ಇಲ್ಲ. ಎರಡರ ನಂಬರನ್ನೂ ಓದಿ ನೋಡಿದ್ದರೆ ತಿಳಿಯುತ್ತಿತ್ತು. ಅವನು ಹೊಸ ಡಬ್ಬಿಯ ನಂಬರನ್ನು ಮಾತ್ರ ಓದಿದ.

ಹೊಸ ಡಬ್ಬಿಯನ್ನು ಪೂರ್ತಿ ಒರೆಸಿ, ಅಂದರೆ ಉದ್ದಕ್ಕೂ ಸೊನ್ನೆ ಬರೆಸಿ ಶುದ್ಧ ಮಾಡಿ, ಆಮೇಲೆ ಫೋಟೊ ತುಂಬಬೇಕು ಎಂಬುದು ಅವನ ಯೋಜನೆ. ಹೊಸದನ್ನು ಒರೆಸುವ ಅಗತ್ಯ ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದಾಗ "ಮಡಿ ಇದ್ದಂಗೆ ಸಾರ್" ಎಂದಿದ್ದ. ಕೆಲಸ ಶುರುವಾಯಿತು. ನಯಾಜ್ ಭಾಯಿ ಮೇಜಿನ ಈಚೆ ನಿಂತಿದ್ದರು. ನರಸಮ್ಮ ಬಾಗಿಲ ಬಳಿ, ಕೈಚೀಲ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ.

"ಮಂಜಣ್ಣ, ಲೈಟು ರಬ್ಬರ್ ಬ್ಯಾಂಡ್ ಇರೋದ್ರಾಗೆ ಮಿಣುಕ್ತಾ ಐತೆ."

"ಎರಡೂ ಮಿಣುಕ್ತವೆ ಭಾಯ್."

"ಆ ಕಡೇದು ಸುಮ್ನೆ ಐತೆ ನೋಡು."

"ಭಾಯ್, ನಂಬರ್ ಹಾಕಿದೀನಿ ನಾನು. ಲೈಟ್ ನೋಡಿ ಕೆಲ್ಸ ಮಾಡಕ್ಕೆ ಇದೇನ್ ಟ್ರಾಫಿಕ್ ಸಿಗ್ನಲ್ಲಾ? ಹೋಗಿ, ಟೀ ಕುಡ್ಕೊಂಬನ್ನಿ."

ನಯಾಜ್ ಭಾಯಿ ಈ ಸಲವೂ ಕೇಬಲ್ಲಿಗೆ ಕೈ ಹಾಕಿದರು. ಮಂಜುನಾಥ ಅವರ ಕೈ ಹಿಡಿದುಕೊಂಡ. ಮಾಲೀಕರು ಹೊರಗೆ ಬಂದು, "ಏಯ್ ನಯಾಜ್, ಗೊತ್ತಿರೋರು ಮಾಡ್ತಾವ್ರೆ ಬುಡಯ್ಯ," ಎಂದರು. ಕೈ ಬಿಡಿಸಿಕೊಂಡು ಕೇಬಲ್ ಎಳೆಯುವ ಹೊತ್ತಿಗೆ ಸಾಕಷ್ಟು ಹೋಗಿತ್ತು. ತುಮಕೂರಿಗೆ ಫೋನ್ ಮಾಡಿದೆವು. ಅಳಿಸಿದ್ದಾದರೆ ತೆಗೆಯಬಹುದು, ಮೇಲೆ ಸೊನ್ನೆ ಬರೆದಿದ್ದಾದರೆ ಅಷ್ಟರ ಮಟ್ಟಿಗೆ ಆಗದು ಎಂದರು. ಸೊನ್ನೆ ಬರೆಯದೆ ಉಳಿದ ಭಾಗದಿಂದ ಆಮೇಲೆ ಒಂದಷ್ಟು ಫೋಟೊ ಸಿಕ್ಕವು: ಗೃಹಪ್ರವೇಶಗಳು, ಶಾಲಾ ವಾರ್ಷಿಕೋತ್ಸವ, ಮಾಲೀಕರಿಗೆ ಶಾಲು ಹೊದಿಸಿದ ಸಮಾರಂಭಗಳು. ಜಾಲಿಕುಂಟೆ ಸಿಗಲಿಲ್ಲ.

ನರಸಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ತಾನೇ ಕೇಳಿದಳು.

"ಹೋಯ್ತಾ?"

"ಟೆಕ್ನಿಕಲ್ ಪ್ರಾಬ್ಲಮ್ ಕಣಮ್ಮ," ಎಂದ ಮಂಜುನಾಥ.

"ಮೊನ್ನೆ ಸಿಕ್ತು ಅಂತ ಫೋನ್ ಮಾಡಿದ್ರಲ್ಲಪ್ಪ. ಸಿಕ್ಕಿದ್ದು ಹೆಂಗೆ ಹೋಗ್ತದೆ? ನೀವೇ ಹಿಡ್ಕಂಡು ಕುಂತಿದ್ರಲ್ಲಾ."

ಮಾಲೀಕರು ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿಕೊಡುತ್ತೇನೆಂದರು. "ಕುರಿಗೆ ಕಾಗ್ದ ಕುಡಿಸ್ಲಾ?" ಎಂದು ಹೇಳಿ ಆಕೆ ಎದ್ದು ಹೋದಳು.

ಮಾರನೆ ದಿನದ ವಿಚಾರಣೆಗೆ ನಾನು ವರದಿಗಾಗಿ ಹೋಗಿದ್ದೆ. ನಯಾಜ್ ಭಾಯಿ ಫೋನಿನಲ್ಲಿದ್ದ ಫೋಟೊ ತೋರಿಸಿದರು. ಅದರಲ್ಲಿ ಕುಂಟೆ, ನೀರು, ಕುರಿ, ನರಸಮ್ಮ ಎಲ್ಲ ಇದ್ದರು. ಕಂಪ್ಯೂಟರಿನ ಪರದೆಯ ಅಂಚೂ ಇತ್ತು, ಅಂಗಡಿಯ ಟ್ಯೂಬ್‌ಲೈಟಿನ ಬೆಳಕೂ ಇತ್ತು. ಅದರ ದಿನಾಂಕ ಹಿಂದಿನ ವಾರದ್ದು. ಇದು ಯಾವ ಕುಂಟೆ, ಯಾವಾಗಿನದು ಎಂದು ಇದರಿಂದ ಹೇಗೆ ತಿಳಿಯಬೇಕು ಎಂದು ಎದುರು ಪಕ್ಷದ ವಕೀಲರು ಕೇಳಿದರು. ಮೂಲ ಎಲ್ಲಿ ಎಂದು ಅಧಿಕಾರಿ ಕೇಳಿದರು. ಮೂಲ ಇರಲಿಲ್ಲ. ತಕರಾರು ವಜಾ ಆಯಿತು. ನಾನು ಬರೆದ ವರದಿ ಅಚ್ಚಾಯಿತು. ಅದರಲ್ಲಿ ಫೋಟೊ ಏಕಿಲ್ಲ ಎಂಬ ಒಂದು ಪ್ಯಾರಾವನ್ನು ಮಾಲೀಕರು ತೆಗೆಸಿದ್ದರು. ಆಮೇಲೆ ನಾನು ಆ ಕಚೇರಿಗೆ ಹೋಗಲಿಲ್ಲ.

ಸ್ವಾತಿ ಮಳೆ ಮುಗಿಯುವಷ್ಟರಲ್ಲಿ ಕುಂಟೆ ಮುಚ್ಚಿತ್ತು. ಸೈಟಿನ ಕಲ್ಲುಗಳನ್ನು ನೆಟ್ಟರು. ನರಸಮ್ಮ ಬೇಸಿಗೆಯಲ್ಲಿ ಅರ್ಧ ಮಂದೆಯನ್ನು ಮಾರಿದಳು. ಯುಗಾದಿಯ ಸಂಚಿಕೆಯಿಂದ ಪತ್ರಿಕೆಯಲ್ಲಿ ಸಂಪಾದಕರ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರುತ್ತಿದೆ: ಮಂಜುನಾಥ, ತಾಂತ್ರಿಕ ನಿರ್ದೇಶಕ.

ಈ ವರ್ಷ ಮಳೆ ಬೇಗ ಬಂತು. ಶಿರಾದಲ್ಲಿ ನಾನು ಇಳಿದದ್ದು ನಯಾಜ್ ಭಾಯಿಯನ್ನು ನೋಡಲು. ಅವರ ಮನೆಯ ಮುಂದೆಯೂ ಯಾರೋ ಒಡೆದ ಕುಂಬಳ ಬಿದ್ದಿತ್ತು. ಅವರು ಹೇಳಿದ್ದು ಇಷ್ಟು. ಹಬ್ಬಕ್ಕೆ ಮುಂಚಿನ ಮಳೆಗೆ ಜಾಲಿಕುಂಟೆ ಲೇಔಟಿನಲ್ಲಿ ನೀರು ನಿಂತಿದೆ; ಸೈಟಿನ ಕಲ್ಲುಗಳ ತಲೆ ಮಾತ್ರ ಕಾಣುತ್ತದೆ. ನರಸಮ್ಮ ಫೋನ್ ಮಾಡಿ, "ಬಾರಣ್ಣೋ ಸಾಬ್ರೆ, ನಿಮ್ ಡಬ್ಬೀನಾಗೆ ಹೋಗಿದ್ದು ಇಲ್ಲಿ ಬಂದೈತೆ," ಎಂದು ಕರೆದಳು. ಅವರು ಹೋದರು. ಕಲ್ಲುಗಳ ನಡುವೆ ಉಳಿದ ಕುರಿಗಳು ನೀರು ಕುಡಿಯುತ್ತಿರುವುದನ್ನು ತೆಗೆದರು. ಆ ಕಾರ್ಡನ್ನು ಕಚೇರಿಗೆ ಅಳಿಸಲು ಕೊಡಲಿಲ್ಲ. ಹೊಸ ಕಾರ್ಡನ್ನು ತಾವೇ ಕೊಂಡರು. ಅದೇ ದಿನ ಶಿರಾದ ಸ್ಟುಡಿಯೊದಲ್ಲಿ ದೊಡ್ಡ ಪ್ರಿಂಟುಗಳನ್ನು ಹಾಕಿಸಿದರು. ಒಂದು ನರಸಮ್ಮನ ಟ್ರಂಕಿನಲ್ಲಿದೆ. ಒಂದನ್ನು ಕಾರ್ಡಿನ ನಕಲಿನೊಂದಿಗೆ ಆಕೆ ಹಾಕಿರುವ ಮೇಲ್ಮನವಿಗೆ ಸೇರಿಸಲಾಗಿದೆ. ಮೇಲ್ಮನವಿಯ ವಿಚಾರಣೆ ಸಂಕ್ರಾಂತಿ ಆದ ಮೇಲೆ.

ಮುಖಪುಟಕ್ಕೆ ಆ ಫೋಟೊ ಬೇಕೆಂದು ಕಚೇರಿಯಿಂದ ಮತ್ತೆ ಮತ್ತೆ ಫೋನ್ ಬಂದಿದೆ. ನಯಾಜ್ ಭಾಯಿ ಕೊಟ್ಟಿಲ್ಲ.